ರಕ್ಷಣೆಗೆಂದು ಖಾಸಗಿಯವರು ಕೊಟ್ಟ ಹಣ: ದೇಣಿಗೆಯೋ, ದತ್ತಿಯೋ, ಕೊಡಗೆಯೋ?

ಬಲ್ಲವರಿಗೆ ನಮಸ್ಕಾರ.

ಕೋಲಾರದ ಓದುಗರ ಕೂಟವೊಂದರ ಕಿರುಹೊತ್ತಗೆಗೆ, ದೇಶರಕ್ಷಣೆಗೆ ಸಿರಿವಂತರೂ ಟ್ರಸ್ಟುಗಳೂ ನೆರವಾದ ಬಗೆಯನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳು ಎಲ್ಲಕ್ಕೂ ‘ದೇಣಿಗೆ’ ಎಂಬ ಒಂದೇ ಮೊಹರು ಒತ್ತುತ್ತವೆ. ನನಗೆ ಒಪ್ಪಿಗೆಯಿಲ್ಲ.

1962ರ ಚೀನಾ ಯುದ್ಧದಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಬಳೆ ಬಿಚ್ಚಿ ಕೊಟ್ಟದ್ದು ದೇಣಿಗೆಯೇ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಡಬ್ಬಿಗೆ ಬೀಳುವ ಹತ್ತು ರೂಪಾಯಿಯನ್ನು ವಂತಿಗೆ ಎಂದರೂ ಸಲ್ಲುತ್ತದೆ. ಆದರೆ 1965ರಲ್ಲಿ ಹೈದರಾಬಾದಿನ ನಿಜಾಮರು ಐದು ಟನ್ ಚಿನ್ನ ದಾನ ಮಾಡಿದರೆಂಬ ಕಥೆ ಈಗಲೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆಯಲ್ಲ? ಅವರು 425 ಕಿಲೋ ಚಿನ್ನವನ್ನು ಶೇ. 6.5ರ ಬಡ್ಡಿಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಹೂಡಿದ್ದರು. ಬಡ್ಡಿ ಬರುವ ದಾನ ಯಾವ ಊರಿನದು!

ತೊಡಕಿರುವುದು ಇನ್ನೊಂದು ಬಗೆಯಲ್ಲಿ. 1945ರಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಹೋಮಿ ಭಾಭಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ದೇಶದ ಅಣುಶಕ್ತಿ ಕಾರ್ಯಕ್ರಮ ಬೇರುಬಿಟ್ಟದ್ದು ಅಲ್ಲಿಯೇ. ನಮ್ಮ ಕೆ.ಜಿ.ಎಫ್. ಗಣಿಯ ಆಳದಲ್ಲಿ 1965ರಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಗುರುತಿಸಿದವರಲ್ಲಿಯೂ ಆ ಸಂಸ್ಥೆಯ ವಿಜ್ಞಾನಿಗಳಿದ್ದರು. ಕೊಟ್ಟದ್ದು ವಿಜ್ಞಾನಕ್ಕೆ, ರಕ್ಷಣೆಗೆ ಒದಗಿದ್ದು ಆಮೇಲೆ. ಇದನ್ನು ‘ದತ್ತಿ’ ಎನ್ನೋಣವೆಂದರೆ ದತ್ತಿ ಉಪನ್ಯಾಸ, ಧಾರ್ಮಿಕ ದತ್ತಿ ಇಲಾಖೆಗಳೇ ಮೊದಲು ನೆನಪಾಗುತ್ತವೆ. ‘ಇಡುಗಂಟು’ ಹಣವನ್ನು ಹೇಳುತ್ತದೆ, ಕೊಟ್ಟ ಮನಸ್ಸನ್ನಲ್ಲ. ‘ಲೋಕೋಪಕಾರ’ವಂತೂ ಇಲ್ಲಿ ವಿಚಿತ್ರ: ಫಿರಂಗಿಯ ಮುಂದೆ ನಿಂತವನೂ ಲೋಕದವನೇ ತಾನೆ.

ಕಣ್ಣು ಹೋದದ್ದು ಶಾಸನಗಳತ್ತ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿ ‘ನೆತ್ತರುಗೊಡಗೆ’ (ಕೊಡಗೆ ಎಂದರೆ ಕೊಡುಗೆ). ವೀರಗಲ್ಲುಗಳು ಹೊಲಹೊಲಕ್ಕೂ ಸಿಗುವ ಈ ಸೀಮೆಗೆ ಇದಕ್ಕಿಂತ ಹತ್ತಿರದ ಪದವಿಲ್ಲ. 2017ರಲ್ಲಿ ತೆರೆದ ‘ಭಾರತ್ ಕೆ ವೀರ್’ ಜಾಲತಾಣದ ಮೂಲಕ ಹುತಾತ್ಮ ಯೋಧರ ಕುಟುಂಬಗಳಿಗೆ ಜನ ಕಳಿಸುವ ಹಣಕ್ಕೆ ಇದನ್ನು ಬಳಸಬೇಕೆಂಬ ಆಸೆ. ಆದರೆ ಹಳೆಯ ಕೊಡಗೆಯನ್ನು ಬಿಡುತ್ತಿದ್ದವನು ಹೆಚ್ಚಾಗಿ ಅರಸ ಅಥವಾ ನಾಡನ್ನು ಆಳುವವನು, ಖಾಸಗಿಯವನಲ್ಲ.

ಹಾಗಾಗಿ ಕೇಳುತ್ತೇನೆ: ಊರ ಒಕ್ಕಲೋ ವರ್ತಕರೋ ತಾವಾಗಿ ನೆತ್ತರುಗೊಡಗೆ ಬಿಟ್ಟ ಶಾಸನವನ್ನು ಯಾರಾದರೂ ಓದಿದ್ದೀರಾ? ಟಾಟಾ ಬಗೆಯ ನೆರವಿಗೆ ‘ದತ್ತಿ’ಗಿಂತ ಒಪ್ಪುವ ಪದವಿದೆಯೇ? ಇನ್ನೊಂದು: ಕೆರೆ ಕಟ್ಟಿದವರಿಗೆ ಬಿಟ್ಟ ಭೂಮಿಗೆ ನಮ್ಮ ಕಡೆ ‘ಕೊಡಗಿ’ ಎನ್ನುತ್ತಾರೆ. ಅಚ್ಚಿಗೆ ‘ಕೊಡಗಿ’ ಇರಲೋ, ‘ಕೊಡಗೆ’ ಇರಲೋ?