ನೋಡಿದವರು ಯಾರು ಅಂತ ಕೇಳಿ

ಮಗಳೇ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ತೋಟಕ್ಕೆ ಆಳುಗಳು ಬಂದಿದ್ದರು, ಅವರಿಗೆ ಕಾಫಿ ಕೊಟ್ಟು ಕಳಿಸಿ ಈಗ ಕೂತೆ. ನನಗೆ ಟೈಪ್ ಮಾಡಲು ಬರುವುದಿಲ್ಲ, ಗೊತ್ತಲ್ವಾ? ನಾನು ಮಾತಾಡುತ್ತೇನೆ, ಮೊಮ್ಮಗಳು ಬರೆದು ಹಾಕುತ್ತಾಳೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

2014ರಲ್ಲಿ ಕಾಣೆಯಾದ ಆ ಮಲೇಷ್ಯಾದ ವಿಮಾನ ಸಮುದ್ರದ ಅಡಿಯಲ್ಲಿ ಸಿಕ್ಕಿದೆಯಂತೆ, ಜನ ಸೀಟಿನಲ್ಲಿ ಹಾಗೇ ಕೂತಿದ್ದಾರಂತೆ, ವಿಡಿಯೋ ಬಂದಿದೆ, ಇದು ನಿಜವಾ ಅಂತ ಕೇಳಿದ್ದೀಯ. ಶುಕ್ರವಾರ ರಾತ್ರಿ ನಿನ್ನ ಮಗ ಅದೇ ಕೌಲಾಲಂಪುರಕ್ಕೆ ಹೊರಟಿದ್ದಾನೆ, ಟಿಕೆಟ್ ಕ್ಯಾನ್ಸಲ್ ಮಾಡಿಸಲಾ ಅಂತ ಬೇರೆ. ವಿಡಿಯೋ ಸುಳ್ಳು. ಆ ವಿಮಾನದ ಚೂರುಗಳು ಸಿಕ್ಕಿವೆ, ವಿಮಾನ ಸಿಕ್ಕಿಲ್ಲ. ನಿನ್ನ ಮೆಸೇಜಿನ ಕೆಳಗೆ ಸಿದ್ದಾಪುರದ ಭಾವ "ಟಿವಿಯಲ್ಲೂ ಬಂತು" ಅಂತ ಹಾಕಿದ್ದಾರೆ. ಕುಶಾಲನಗರದವಳು ಕೈ ಮುಗಿಯುವ ಚಿತ್ರ ಹಾಕಿದ್ದಾಳೆ. ಇಬ್ಬರು ಅದನ್ನು ಬೇರೆ ಗುಂಪಿಗೂ ಕಳಿಸಿದೆವು ಅಂದಿದ್ದಾರೆ. ಇದನ್ನು ಕಣ್ಣಿಂದ ನೋಡಿದವರು ಯಾರು ಅಂತ ಒಬ್ಬರಾದರೂ ಕೇಳಿದಿರಾ?

ನಮ್ಮ ಸಣ್ಣವನ, ನನ್ನ ಮೈದುನನ, ವಿಷಯ ನಿಮಗೆಲ್ಲ ಗೊತ್ತು. ಆದರೆ ಅದರಲ್ಲಿ ನಾನು ಮಾಡಿದ್ದು ಎಲ್ಲರಿಗೂ ಗೊತ್ತಿಲ್ಲ, ಇವತ್ತು ಹೇಳುತ್ತೇನೆ.

2018ರ ಆಗಸ್ಟ್. ನಮ್ಮ ಕೊಡಗಿನ ಜೋಡುಪಾಲದ ಕಡೆ ಗುಡ್ಡದ ಬರೆ ಜರಿದ ದಿನ. ಹಟ್ಟಿಯಲ್ಲಿ ಹಸು ಇವೆ, ಹಗ್ಗ ಬಿಚ್ಚಿ ಬರುತ್ತೇನೆ ಅಂತ ಹೋದವನು ಅವನು. ಕರೆಂಟ್ ಇಲ್ಲ, ಟವರ್ ಇಲ್ಲ, ಮಡಿಕೇರಿಯಿಂದ ಕೆಳಗೆ ರಸ್ತೆಯೇ ಇಲ್ಲ. ಅತ್ತೆ ಇಲ್ಲಿ ಮೂರ್ನಾಡಿನಲ್ಲಿ ನನ್ನ ಹತ್ತಿರ ಇದ್ದರು. ಮೂರನೆಯ ದಿನ ಸಂಜೆ ಸ್ವಲ್ಪ ನೆಟ್‌ವರ್ಕ್ ಬಂತು ನೋಡಿ, ಆಗ ಒಂದು ವಾಯ್ಸ್ ಮೆಸೇಜ್ ಬಂತು. ಸಂಪಾಜೆಯ ಪರಿಹಾರ ಕೇಂದ್ರದಲ್ಲಿ ಇದ್ದಾನೆ, ಕಾಲಿಗೆ ಪೆಟ್ಟಾಗಿದೆ, ನೀಲಿ ಶರ್ಟು ಹಾಕಿದ್ದಾನೆ, ಜೀವಕ್ಕೇನೂ ತೊಂದರೆ ಇಲ್ಲ ಅಂತ. ಹೆಸರು ಸರಿ ಇತ್ತು. ಶರ್ಟು ಸರಿ ಇತ್ತು. ನಾನು ಓಡಿಹೋಗಿ ಅತ್ತೆಗೆ ಹೇಳಿದೆ. ಇವರು ಇನ್ನೂ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು, ಅವರು ಬರುವ ತನಕವೂ ನನಗೆ ತಡೆಯಲಿಲ್ಲ.

ಅವತ್ತಿಂದ ಅತ್ತೆ ದಿನಾ ಸಂಜೆ ಹಂಡೆಗೆ ನೀರು ತುಂಬಿಸಿ ಬಚ್ಚಲೊಲೆ ಹಚ್ಚಿಸುತ್ತಿದ್ದರು. ಮಗ ನೆನೆದು ಬರುತ್ತಾನೆ, ಬಂದ ಕೂಡಲೇ ಬಿಸಿನೀರು ಬೇಕು ಅಂತ. ಅವನಿಗೆ ಇಷ್ಟ ಅಂತ ಎಳೆ ಬಿದಿರಿನ ಕಣಿಲೆ ಹೆಚ್ಚಿ ನೀರಲ್ಲಿ ಹಾಕಿಸಿದರು, ದಿನಾ ನೀರು ಬದಲಾಯಿಸಿದರು. ಆರು ದಿನ. ಏಳನೆಯ ದಿನ ಇವರು ಕರಿಕೆ ಮೇಲೆ ಸುತ್ತು ಹಾಕಿ ಹೇಗೋ ಸಂಪಾಜೆ ಮುಟ್ಟಿದರು. ಅಲ್ಲಿ ಇದ್ದವರು ಅದೇ ಹೆಸರಿನ ಬೇರೆ ಊರಿನವರು. ಪಾಪ, ಅವರ ಕಾಲಿಗೂ ಪೆಟ್ಟು. ನಮ್ಮವನು ಸಿಕ್ಕಿದ್ದು ಹನ್ನೆರಡನೆಯ ದಿನ, ಹಟ್ಟಿಯಿಂದ ಸ್ವಲ್ಪ ಕೆಳಗೆ, ಮಣ್ಣಿನೊಳಗೆ.

ಅತ್ತೆ ನನಗೆ ಬೈಯಲಿಲ್ಲ. "ಇದ್ದಾನೆ ಅಂತ ನೀನೇ ಹೇಳಿದ್ದೆಯಲ್ಲ" ಅಂದರು, ಅಷ್ಟೇ. ಆಮೇಲೆ ಅವರು ಇದ್ದಷ್ಟು ದಿನವೂ ಸಂಜೆಯಾದರೆ ಬಚ್ಚಲೊಲೆ ಕಡೆ ನೋಡುತ್ತಿದ್ದರು. ಸಾವು ದೇವರು ಕೊಟ್ಟದ್ದು. ಆ ಆರು ದಿನ ಕೊಟ್ಟವಳು ನಾನು.

ಅದಕ್ಕೇ ಹೇಳುತ್ತಿದ್ದೇನೆ, ನೋಡಿದವರ ಬಾಯಿಂದ ಕೇಳುವ ತನಕ ಯಾವ ಮನೆಗೂ ಸುದ್ದಿ ಮುಟ್ಟಿಸಬೇಡಿ. ಕೆಟ್ಟ ಸುದ್ದಿಯೂ ಬೇಡ, ಒಳ್ಳೆಯ ಸುದ್ದಿಯಂತೂ ಬೇಡವೇ ಬೇಡ.

ಆ ವಿಮಾನದ ಕಥೆಯೂ ಹೀಗೇ ಆಯಿತು. 2014ರ ಮಾರ್ಚ್ 8, ನಡುರಾತ್ರಿ ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟಿತ್ತು. 239 ಜನ, ಅದರಲ್ಲಿ ನಮ್ಮ ದೇಶದವರು ಐದು ಜನ. ಮುಕ್ಕಾಲು ಗಂಟೆ ಕಳೆಯುವ ಮುಂಚೆಯೇ ರಾಡಾರಿನ ಪರದೆಯಿಂದ ಮಾಯ. ನಾನು ಆಗ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ, ಒಂದು ವಾರ ಅದೇ. ವಿಯೆಟ್ನಾಂ ಹತ್ತಿರ ಸಮುದ್ರದಲ್ಲಿ ಎಣ್ಣೆ ಕಂಡಿತು ಅಂದರು, ವಿಮಾನದ್ದಲ್ಲ. ಚೀನಾದ ಉಪಗ್ರಹಕ್ಕೆ ಚೂರು ಕಂಡಿತು ಅಂದರು, ಅದೂ ಅಲ್ಲ. ಅಪಹರಣ ಮಾಡಿ ಯಾವುದೋ ದ್ವೀಪದಲ್ಲಿ ಇಳಿಸಿದ್ದಾರೆ ಅಂದರು. ಒಳಗಿದ್ದವರ ಫೋನ್ ಇನ್ನೂ ರಿಂಗ್ ಆಗುತ್ತಿದೆ, ಹಾಗಾದರೆ ಬದುಕಿದ್ದಾರೆ ಅಂದರು. ಆ ಕಡೆ ಫೋನ್ ಸಿಗದಿದ್ದರೂ ನೆಟ್‌ವರ್ಕ್ ಹುಡುಕುವಾಗ ನಮ್ಮ ಕಿವಿಗೆ ರಿಂಗ್ ಕೇಳುತ್ತದೆ, ಇದು ಆಮೇಲೆ ತಿಳಿದವರು ಹೇಳಿದ್ದು. ಅಷ್ಟರಲ್ಲಿ ಬೀಜಿಂಗ್‌ನಲ್ಲಿ ಕೂತಿದ್ದ ತಾಯಂದಿರ ಗತಿ ಏನಾಗಿರಬೇಕು ಹೇಳಿ.

ಕದ್ದ ಪಾಸ್‌ಪೋರ್ಟ್ ಹಿಡಿದು ಹತ್ತಿದ್ದ ಇಬ್ಬರು ಹುಡುಗರು ಇದ್ದರು, ನೆನಪಿದೆಯಾ? ಎಲ್ಲ ಚಾನೆಲ್‌ಗಳಲ್ಲೂ ಅವರೇ ಭಯೋತ್ಪಾದಕರು. ನಾನೂ ಹಾಗೇ ನಂಬಿದ್ದೆ, ಅಡುಗೆಮನೆಯಲ್ಲಿ ನಿಂತು ಶಾಪವನ್ನೂ ಹಾಕಿದ್ದೆ. ಕೊನೆಗೆ ನೋಡಿದರೆ ಇರಾನಿನ ಹುಡುಗರು, ಯುರೋಪಿಗೆ ಹೋಗಿ ಹೇಗಾದರೂ ಬದುಕಿಕೊಳ್ಳೋಣ ಅಂತ ಹೊರಟವರು. ಒಬ್ಬನಿಗೆ ಬರೀ 19 ವರ್ಷ. ಅವನ ತಾಯಿ ಜರ್ಮನಿಯಲ್ಲಿ ಮಗ ಬರುತ್ತಾನೆ ಅಂತ ದಾರಿ ಕಾಯುತ್ತಿದ್ದಳು. ಆ ತಾಯಿಗೆ ನಾನು ಮೂರ್ನಾಡಿನಲ್ಲಿ ನಿಂತು ಹಾಕಿದ ಶಾಪ ಕೇಳಿಸಿಲ್ಲ, ಆದರೆ ಟಿವಿ ಕೇಳಿಸಿರುತ್ತದೆ ಅಲ್ವಾ?

ಅಸಲಿಗೆ ವಿಮಾನ ದಾರಿ ತಿರುಗಿಸಿ ಗಂಟೆಗಟ್ಟಲೆ ಹಾರಿತ್ತು ಅಂತ ಉಪಗ್ರಹದ ಲೆಕ್ಕದಿಂದ ಗೊತ್ತಾಯಿತು. ಮಾರ್ಚ್ 24ಕ್ಕೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅದರ ಹಾರಾಟ ಮುಗಿದಿದೆ ಅಂತ ಮಲೇಷ್ಯಾದ ಪ್ರಧಾನಿಯೇ ಹೇಳಿದರು. ಎಷ್ಟೋ ಮನೆಯವರಿಗೆ ಆ ಮಾತು ಮೆಸೇಜಿನಲ್ಲಿ ಬಂತು, ಫೋನಿನಲ್ಲಿ, ಎರಡು ಸಾಲು. 2015ರ ಜುಲೈನಲ್ಲಿ ರೀಯೂನಿಯನ್ ಅನ್ನುವ ದ್ವೀಪದ ದಡಕ್ಕೆ ರೆಕ್ಕೆಯ ಒಂದು ಭಾಗ ಬಂದು ಬಿತ್ತು. ಸಮುದ್ರದ ಅಡಿ 1,20,000 ಚದರ ಕಿಲೋಮೀಟರ್ ಹುಡುಕಿ 2017ರಲ್ಲಿ ನಿಲ್ಲಿಸಿದರು. 2018ರ ವರದಿಯಲ್ಲೂ ಕಾರಣ ಇಂಥದ್ದೇ ಅಂತ ಹೇಳಲು ಆಗಲಿಲ್ಲ. ವರ್ಷಗಟ್ಟಲೆ ಹುಡುಕಿದವರೇ ಗೊತ್ತಿಲ್ಲ ಅನ್ನುವಾಗ ಸಿದ್ದಾಪುರಕ್ಕೆ ಬಂದ ವಿಡಿಯೋಗೆ ಹೇಗೆ ಗೊತ್ತಾಗುತ್ತದೆ?

ಸಿಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಚೆನ್ನೈಯಿಂದ ಪೋರ್ಟ್‌ಬ್ಲೇರ್‌ಗೆ ಹೊರಟು ಕಾಣೆಯಾದ ನಮ್ಮ ವಾಯುಪಡೆಯ ಎಎನ್-32 ವಿಮಾನ, 29 ಜನ ಇದ್ದದ್ದು, ಅದರ ಚೂರುಗಳು ಬಂಗಾಳಕೊಲ್ಲಿಯಲ್ಲಿ 3,400 ಮೀಟರ್ ಆಳದಲ್ಲಿವೆ ಅಂತ 2024ರಲ್ಲಿ ಸರ್ಕಾರವೇ ಹೇಳಿತು. ಏಳೂವರೆ ವರ್ಷ ಆಗಿತ್ತು. ಕೊಡಗಿನಲ್ಲಿ ಸೈನ್ಯಕ್ಕೆ ಹೋದವರು ಇಲ್ಲದ ಮನೆ ಎಷ್ಟಿದೆ ಹೇಳಿ, ಆ ಕಾಯುವುದು ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಇನ್ನೊಂದು ಸಲ ಹೇಳುತ್ತೇನೆ, ನೋಡಿದವರು ಯಾರು ಅಂತ ಕೇಳದೆ ಯಾವ ಮನೆಗೂ ಸುದ್ದಿ ಮುಟ್ಟಿಸಬೇಡಿ. ನಿಮ್ಮ ಪಾಲಿಗೆ ಅದು ಒಂದು ವಿಡಿಯೋ. ಆ ಮನೆಯವರು ಅವತ್ತಿಂದ ಹಂಡೆಗೆ ನೀರು ತುಂಬಿಸಲು ಶುರು ಮಾಡುತ್ತಾರೆ.

ಮತ್ತೆ ಇದನ್ನೂ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ. ನಮ್ಮವನು ಸಿಕ್ಕಿದ ದಿನ ಟಿವಿಯವರು ಅಂಗಳಕ್ಕೆ ಬಂದರು. ಅತ್ತೆಯ ಬಾಯಿಯ ಹತ್ತಿರ ಮೈಕ್ ಹಿಡಿದು ಅಮ್ಮ ಏನನಿಸುತ್ತಿದೆ ಅಂತ ಕೇಳಿದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಅದನ್ನೂ ತೆಗೆದರು. ಆ ವಿಡಿಯೋಗೆ ಅಳುವ ಸಂಗೀತ ಹಾಕಿ ಪ್ರತಿ ಆಗಸ್ಟ್‌ನಲ್ಲಿ ಯಾರೋ ಒಬ್ಬರು ಕಳಿಸುತ್ತಾರೆ. ಹೊರಗಿನವರು ಕಳಿಸಿದರೆ ತಡೆದುಕೊಳ್ಳಬಹುದು, ಹೋದ ವರ್ಷ ಇದೇ ಗುಂಪಿನಲ್ಲಿ ಬಂತು. ಹಾಕಿದವರಿಗೆ ಗೊತ್ತಿರುತ್ತದೆ. ಅದು ನಿಮ್ಮದೇ ಅಜ್ಜಿ. ಈ ಗುಂಪಿನಲ್ಲಿ 84 ಜನ ಇದ್ದೀರಿ. ಅವನ ತಿಥಿಗೆ ಹೋದ ಸಲ ಬಂದವರು ಒಂಬತ್ತು ಜನ. ನಾನು ಎಲೆ 30 ಕೊಯ್ದಿಟ್ಟಿದ್ದೆ. ಅವನ ಹೆಂಡತಿ ಒಬ್ಬಳೇ ಎರಡು ಮಕ್ಕಳನ್ನು ಓದಿಸುತ್ತಿದ್ದಾಳೆ, ಕಾಫಿ ಕೊಯ್ಯುವಾಗ ಆಳು ಸಿಗದೆ ಹಣ್ಣು ಉದುರಿಹೋಯಿತು. ಒಂದು ದಿನ ಕೈ ಹಾಕಲು ಯಾರಿಗೂ ಪುರುಸೊತ್ತಿಲ್ಲ, ದಿನಕ್ಕೆ ಇಪ್ಪತ್ತು ವಿಡಿಯೋ ಕಳಿಸಲು ಪುರುಸೊತ್ತಿದೆ. ಇದು ನನಗೆ ನಿಜವಾಗಿ ನೋವು.

ಅಯ್ಯೋ, ಮಗನ ವಿಷಯ ಹೇಳಲೇ ಇಲ್ಲ. ಮಗಳೇ, ಟಿಕೆಟ್ ಕ್ಯಾನ್ಸಲ್ ಮಾಡಿಸಬೇಡ, ಅವನು ಹೋಗಲಿ. ಆ ವಿಮಾನ ಹೋದ ಮೇಲೆ ನಿಯಮ ಬದಲಾಗಿದೆ. 2018ರ ಕೊನೆಯಿಂದ ದೊಡ್ಡ ಪ್ರಯಾಣಿಕರ ವಿಮಾನ ಸಮುದ್ರದ ಮೇಲೆ ಹೋಗುವಾಗ 15 ನಿಮಿಷಕ್ಕೊಮ್ಮೆ ಎಲ್ಲಿದೆ ಅಂತ ಕಂಪನಿಗೆ ಗೊತ್ತಾಗಬೇಕು. ಆಮೇಲೆ, ಮಲೇಷ್ಯಾಕ್ಕೆ ಇಳಿಯುವ ಮುಂಚೆ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಒಂದು ಅರೈವಲ್ ಕಾರ್ಡ್ ತುಂಬಬೇಕು, ದುಡ್ಡೇನೂ ಇಲ್ಲ. ದುಡ್ಡು ಕೇಳುವ ಸೈಟ್ ಬಂದರೆ ಅದು ಸರ್ಕಾರದ್ದಲ್ಲ. ಹೋದ ವರ್ಷ ನನ್ನ ಮಗಳು ಹೋಗುವಾಗ ತುಂಬಿದ್ದಳು, ಅವಳಿಗೆ ಫೋನ್ ಮಾಡಲಿ. ಶುಕ್ರವಾರ ಬೆಳಿಗ್ಗೆಯೇ ಹೊರಡಲಿ, ಇಲ್ಲಿಂದ ದೇವನಹಳ್ಳಿ ಮುಟ್ಟಲು ಏಳೆಂಟು ಗಂಟೆ ಇಟ್ಟುಕೊಳ್ಳಿ. ಫ್ಲೈಟ್ ನಂಬರ್, ಪಾಸ್‌ಪೋರ್ಟಿನ ಫೋಟೋ ನಿನಗೊಂದು ನನಗೊಂದು ಕಳಿಸಲಿ, ಗುಂಪಿಗೆ ಹಾಕುವುದು ಬೇಡ. ಸುಮಾರು ನಾಲ್ಕು ಗಂಟೆ ಹಾರಾಟ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅದು ಗೊತ್ತಿಲ್ಲದೆ ಸುಮ್ನೆ ಗಾಬರಿ ಆಗಬೇಡ. ತಡವಾದರೆ ವಿಮಾನ ಕಂಪನಿಯ ನಂಬರಿಗೆ ನೀನೊಬ್ಬಳೇ ಫೋನ್ ಮಾಡು, ಇಲ್ಲಿ ಕೇಳಬೇಡ. ಇಳಿದ ಮೇಲೆ ನನಗೂ ಒಂದು ಫೋನ್ ಮಾಡಲಿ, ಮೆಸೇಜ್ ಬೇಡ, ಅವನ ದನಿ ಕೇಳಬೇಕು. ಎಷ್ಟು ಹೊತ್ತಾದರೂ ನಾನು ಎದ್ದಿರುತ್ತೇನೆ.