ಸಹಾಯ ಬೇಕು: ಡಬ್ಲಿನ್‌ಗೆ ಹೊರಡುವ ಮುಂಚೆ ಬುದ್ಧಿಹಲ್ಲು ಕೀಳಿಸಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಆಗಸ್ಟ್ ಕೊನೆಗೆ ಎಂಎಸ್ ಓದಲು ಡಬ್ಲಿನ್‌ಗೆ ಹೊರಟಿದ್ದಾನೆ. ವೀಸಾ, ರೂಮು ಎಲ್ಲ ಆಯಿತು ಅನ್ನುವಷ್ಟರಲ್ಲಿ ಎಡಗಡೆ ಕೆಳಗಿನ ಬುದ್ಧಿಹಲ್ಲು ಕಾಟ ಶುರುವಾಗಿದೆ. ಹಲ್ಲು ಅರ್ಧ ಮಾತ್ರ ಹೊರಗೆ ಬಂದಿದೆ, ಮಿಕ್ಕಿದ್ದರ ಮೇಲೆ ವಸಡು ಮುಚ್ಚಿಕೊಂಡಿದೆ. ಅದರಡಿ ಒಂದು ಅನ್ನದಗುಳು ಸಿಕ್ಕಿಕೊಂಡರೂ ಸಾಕು, ಕೆನ್ನೆ ಊದಿ ಬಾಯಿ ಎರಡು ಬೆರಳಗಲವೂ ತೆರೆಯೋಕಾಗಲ್ಲ. ಬರೀ ಗಂಜಿ, ಮೊಸರನ್ನದಲ್ಲಿ ಇದ್ದಾನೆ, ನೋಡೋಕೇ ಸಂಕಟ.

ಒಪಿಜಿ (ಎಲ್ಲ ಹಲ್ಲು, ದವಡೆ ಒಟ್ಟಿಗೆ ಕಾಣೋ) ಎಕ್ಸ್‌ರೇ ಮಾಡಿಸಿದೆವು. ಹಲ್ಲು ಮುಂದಿನ ದವಡೆಹಲ್ಲಿನ ಕಡೆ ವಾಲಿದೆ, ಬೇರು ನರಕ್ಕೆ ತೀರಾ ಹತ್ತಿರ ಇದೆಯಂತೆ. ಒಬ್ಬ ಡಾಕ್ಟರು ಕೀಳಿಸಿಕೊಂಡೇ ಹೋಗಲಿ ಅಂತಾರೆ. ಇನ್ನೊಬ್ಬರು ಆಂಟಿಬಯೋಟಿಕ್ ಕೊಟ್ಟು, ಬಿಸಿ ಉಪ್ಪುನೀರು ಮುಕ್ಕಳಿಸಿ ನೋಡೋಣ ಅಂದರು. ಜಾಗ ಇಲ್ಲದ ಹಲ್ಲು ಮತ್ತೆ ಊದಿಕೊಳ್ಳದೆ ಇರುತ್ತಾ? ನನಗಂತೂ ಈಗಲೇ ಕೀಳಿಸೋದು ಸರಿ ಅನ್ನಿಸುತ್ತೆ. ಪರೀಕ್ಷೆ ಸಮಯದಲ್ಲಿ ನೋವು ಬಂದರೆ ಅಲ್ಲಿ ಅಮ್ಮ ಇರಲ್ಲ, ಖರ್ಚೂ ಯೂರೋ ಲೆಕ್ಕ.

ನರದ ಹತ್ತಿರದ ಹಲ್ಲು ಕೀಳಿಸಿಕೊಂಡವರು ದಯವಿಟ್ಟು ಹೇಳಿ: ತುಟಿ, ಗಲ್ಲ ಜೋಮು ಹಿಡಿದಿತ್ತಾ, ಎಷ್ಟು ದಿನಕ್ಕೆ ಹೋಯಿತು? ಮುಂಚೆ ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ಸ್ಕ್ಯಾನ್ ಮಾಡಿಸಿದ್ದಿರಾ? ಡ್ರೈ ಸಾಕೆಟ್ (ಕಿತ್ತ ಜಾಗದ ರಕ್ತದ ಹೆಪ್ಪು ಹೋಗಿ ಜೋರು ನೋವು ಬರೋದು) ಆದರೆ ಕಿತ್ತ ಮೊದಲ ವಾರದಲ್ಲೇ ಗೊತ್ತಾಗುತ್ತಂತೆ, ಹಾಗಾಗಿ ವಿಮಾನಕ್ಕೆ ಮುಂಚೆ ಎಷ್ಟು ದಿನ ಬಿಟ್ಟುಕೊಂಡಿರಿ? ಐರ್ಲೆಂಡ್‌ನಲ್ಲಿರುವ ಕನ್ನಡಿಗರೇ, ನಿಮ್ಮ ಸ್ಟೂಡೆಂಟ್ ಇನ್ಶೂರೆನ್ಸ್‌ನಲ್ಲಿ ಹಲ್ಲಿನ ಖರ್ಚು ಬಂತಾ? ಶಿವಮೊಗ್ಗ ಕಡೆ ಒಳ್ಳೆ ಓರಲ್ ಸರ್ಜನ್ ಗೊತ್ತಿದ್ದರೂ ತಿಳಿಸಿ.