ಪದಚರ್ಚೆ: ಕಛೇರಿಯ ಸಿನಿಮಾ – ನೋಡಿದೆವೋ, ಕೇಳಿದೆವೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಒಂದು ಪುಟದ ವರದಿ ಬರೆಯಲು ಕೂತವನು ಮೊದಲ ಸಾಲಿನಲ್ಲೇ ಎಡವಿದ್ದೇನೆ. ಕಳೆದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಹಳೇ ಥಿಯೇಟರೊಂದರಲ್ಲಿ ‘ದಿ ಲಾಸ್ಟ್ ವಾಲ್ಟ್ಜ್’ ಎಂಬ ಸಿನಿಮಾ ಹಾಕಿದ್ದರು. ‘ದಿ ಬ್ಯಾಂಡ್’ ಎಂಬ ರಾಕ್ ಸಂಗೀತದ ತಂಡ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ಕೊಟ್ಟ ವಿದಾಯದ ಕಾರ್ಯಕ್ರಮ ಅದು. ಮಾರ್ಟಿನ್ ಸ್ಕೋರ್ಸೇಸೆ ಅದನ್ನು ಸಿನಿಮಾ ಮಾಡಿದರು, 1978ರಲ್ಲಿ ತೆರೆಗೆ ಬಂತು. ನಾವು ಹೋದ ದಿನ ಇಲ್ಲಿನವರೇ ಐದು ಜನ ಪರದೆಯ ಮುಂದೆ ನಿಂತು ಮುಕ್ಕಾಲು ಗಂಟೆ ಅದೇ ಹಾಡುಗಳನ್ನು ಹಾಡಿ ನುಡಿಸಿದರು. ಆಮೇಲೆ ಸಿನಿಮಾ. ಇಷ್ಟನ್ನು ಕನ್ನಡದಲ್ಲಿ ನೆಟ್ಟಗೆ ಹೇಳುವುದು ಹೇಗೆ?

ಮೊದಲ ತೊಡಕು ‘ಕಛೇರಿ’. ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ “ಕಛೇರಿ ಸಿನಿಮಾಗೆ ಹೋಗಿದ್ವಿ” ಅಂದೆ. “ಆಫೀಸಲ್ಲಿ ತೋರಿಸಿದ್ರೇನೋ?” ಅಂದರು. ಅಲ್ಪಪ್ರಾಣದ ‘ಕಚೇರಿ’ ತಾಲ್ಲೂಕು ಆಫೀಸಿಗೆ, ಮಹಾಪ್ರಾಣದ ‘ಕಛೇರಿ’ ಸಂಗೀತಕ್ಕೆ ಅಂತ ಕೆಲವರು ಕಾಗದದ ಮೇಲೆ ಪಾಲು ಮಾಡುತ್ತಾರೆ. ಕಿವಿಗೆ ಆ ಪಾಲು ಎಲ್ಲಿ ಗೊತ್ತಾಗಬೇಕು? ಎರಡೂ ಹಿಂದೂಸ್ತಾನಿಯ ಅದೇ ಕಚಹರಿಯ ಮಕ್ಕಳು. ಅದೂ ಅಲ್ಲದೆ ಕಛೇರಿ ಅಂದರೆ ನನಗೆ ತಂಬೂರಿ, ಜಮಖಾನ, ಚಕ್ಕಂಬಕ್ಕಲ ಕಾಣುತ್ತವೆಯೇ ಹೊರತು ಡ್ರಮ್ಮು ಗಿಟಾರು ಕಾಣುವುದಿಲ್ಲ. ಧಾರವಾಡದ ಕಡೆಯ ‘ಬೈಠಕ್’ ಅಂತೂ ಹೆಸರಿನಲ್ಲೇ ಕೂತುಬಿಟ್ಟಿದೆ. (ಒಂದು ವಿಷಯದಲ್ಲಿ ಮಾತ್ರ ವಿಂಟರ್‌ಲ್ಯಾಂಡಿನವರು ನಮ್ಮವರೇ. ಹಾಡು ಶುರುವಾಗುವ ಮುಂಚೆ ಸುಮಾರು 5000 ಮಂದಿಗೆ ಟರ್ಕಿ ಕೋಳಿಯ ಹಬ್ಬದೂಟ ಹಾಕಿದ್ದರು. ರಾಮನವಮಿ ಕಛೇರಿಯ ಪಾನಕ ಕೋಸಂಬರಿ ನೆನಪಾಯಿತು.)

‘ರಸಮಂಜರಿ’ ಅಂದರೆ? ಗಣೇಶನ ಪೆಂಡಾಲಿನ ಆ ಪದ ನನಗಿಷ್ಟ. ಅಬ್ಬರದ ವಾದ್ಯ, ಝಗಝಗ ದೀಪ, ಗಾಯಕರು ಒಬ್ಬರಾದ ಮೇಲೊಬ್ಬರು ಬಂದು ಹಾಡಿ ಹೋಗುವುದು. ಸಿನಿಮಾದಲ್ಲೂ ಬಾಬ್ ಡಿಲನ್, ಜೋನಿ ಮಿಚೆಲ್, ಮಡ್ಡಿ ವಾಟರ್ಸ್ ಹಾಗೆಯೇ ಬಂದು ಹೋಗುತ್ತಾರೆ. ಆದರೆ ರಸಮಂಜರಿಯವರು ಹಾಡುವುದು ಬೇರೆಯವರ ಹಾಡು. ಹಾಗೆ ನೋಡಿದರೆ ಪದ ಒಪ್ಪುವುದು ಪರದೆಯ ಮೇಲಿನವರಿಗಲ್ಲ, ಪರದೆಯ ಮುಂದಿದ್ದ ಐವರಿಗೆ.

‘ಚಿತ್ರೀಕರಿಸಿದ ಕಾರ್ಯಕ್ರಮ’ ಎಂದೂ ಬರೆದು ಹೊಡೆದುಹಾಕಿದೆ. ಒಂದೆರಡು ಹಾಡುಗಳನ್ನು ಆಮೇಲೆ ಸ್ಟುಡಿಯೋದಲ್ಲಿ, ಎದುರಿಗೆ ಜನರೇ ಇಲ್ಲದೆ ತೆಗೆದದ್ದು. ಇನ್ನು ಸಿನಿಮಾ ಶುರುವಾಗುವುದೇ ಆ ರಾತ್ರಿಯ ಕೊನೇ ಹಾಡಿನಿಂದ, ಮಂಗಳ ಹಾಡಿ ವರ್ಣಕ್ಕೆ ಬಂದ ಹಾಗೆ. ಜನ ಬಿಡದೆ ಕರೆದಾಗ ಮತ್ತೆ ವೇದಿಕೆಗೆ ಬಂದು ಹಾಡಿದ ಹಾಡು ಅದು. ಕಂಪನಿ ನಾಟಕದ ‘ಒನ್ಸ್‌ಮೋರ್’ ಇಲ್ಲಿಗೆ ಆಗುತ್ತದಾ? ಒನ್ಸ್‌ಮೋರ್ ಅಂದರೆ ಹಾಡಿದ್ದನ್ನೇ ಮತ್ತೆ ಹಾಡುವುದು, ಇವರು ಹಾಡಿದ್ದು ಬೇರೆ ಹಾಡು.

‘ಲೈವ್’ಗೆ ‘ನೇರ’ ಅನ್ನುವುದು ಟೀವಿಯವರ ಅಭ್ಯಾಸ. ನೇರಪ್ರಸಾರ ಸರಿ, ‘ನೇರ ಸಂಗೀತ’ ಅಂದರೆ ಮಿಕ್ಕ ಸಂಗೀತ ಸೊಟ್ಟಗಿದೆಯೇ? ಯಕ್ಷಗಾನದ ‘ಹಿಮ್ಮೇಳ’ ತಟ್ಟನೆ ಹೊಳೆಯಿತು. ಮೂಕಿ ಚಿತ್ರ ಓಡುತ್ತಿರುವಾಗ ಕೆಳಗೆ ಕೂತು ನುಡಿಸಿದರೆ ಹಿಮ್ಮೇಳವೇ. ಇವರು ಸಿನಿಮಾಕ್ಕೆ ಮುಂಚೆ ನುಡಿಸಿ ಇಳಿದು ಹೋದವರು. ಹಾಗಾಗಿ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮುಂಚೆ ಬರುವ ‘ಪೂರ್ವರಂಗ’ ಅನ್ನಲೇ? ಇಡೀ ಸಂಜೆಗೆ ‘ಪ್ರದರ್ಶನ’ಕ್ಕಿಂತ ‘ಆಟ’ ವಾಸಿ. ಬಯಲಲ್ಲಿ ಕುಣಿದರೂ ಆಟ, ಥಿಯೇಟರಿನಲ್ಲಿ ರೀಲು ಓಡಿದರೂ ಮೊದಲ ಆಟ, ಎರಡನೇ ಆಟ. ಬದುಕಿರುವವರಿಗೂ ಬೆಳಕಿಗೂ ಒಂದೇ ಪದ ಸಾಕು ಅಂದವರು ಯಾರೋ, ಜಾಣರು.

ನಿಜವಾದ ಕಗ್ಗಂಟು ಕ್ರಿಯಾಪದದ್ದು. ಕಛೇರಿ ಕೇಳುತ್ತೇವೆ, ಸಿನಿಮಾ ನೋಡುತ್ತೇವೆ. ಇದನ್ನು? ಜೋರಾಗಿ ಹಾಕಬೇಕು ಎಂಬ ಬರಹ ಈ ಸಿನಿಮಾದ ಆರಂಭದಲ್ಲೇ ಬರುತ್ತದೆ, ಅಂದರೆ ಮಾಡಿದವರ ಮತ ಕಿವಿಗೆ. ಇಂಗ್ಲಿಷಿನ ‘ಅಟೆಂಡ್’ ಇಟ್ಟುಕೊಂಡು ‘ಹಾಜರಾದೆವು’ ಅಂದರೆ ಕೋರ್ಟಿಗೆ ಹೋದಂತಿರುತ್ತದೆ, ಮತ್ತೆ ಅದೇ ಕಚೇರಿ! ನಾವೆಲ್ಲ ‘ಪ್ರೇಕ್ಷಕರೋ’ ‘ಶ್ರೋತೃಗಳೋ’ ಅನ್ನುವುದೂ ಹೀಗೇ ತೂಗಾಡುತ್ತಿದೆ. ಆ ಐವರಿಗೆ ತಟ್ಟಿದ ಕೈ ಸಿನಿಮಾ ಶುರುವಾದ ಮೇಲೂ ನಿಲ್ಲಲಿಲ್ಲ. ಪ್ರತಿ ಹಾಡು ಮುಗಿದಾಗಲೂ ಥಿಯೇಟರಿನವರು ಚಪ್ಪಾಳೆ ತಟ್ಟಿದರು. ಪರದೆಯೊಳಗಿನ ಚಪ್ಪಾಳೆ ಯಾವುದು, ನನ್ನ ಪಕ್ಕದವರದ್ದು ಯಾವುದು ಅಂತ ತಿಳಿಯುತ್ತಿರಲಿಲ್ಲ. ನಾನೂ ತಟ್ಟಿದೆ. ಬರೀ ನೋಡುತ್ತಿದ್ದವನು ಹಾಗೆ ಮಾಡುತ್ತಿರಲಿಲ್ಲ.

ಸದ್ಯಕ್ಕೆ ಬರೆದಿಟ್ಟ ಸಾಲು ಇದು: “ವಾಲ್ಟ್ಜ್ ಸಿನಿಮಾದ ಆಟಕ್ಕೆ ಹೋಗಿದ್ದೆವು, ಪೂರ್ವರಂಗಕ್ಕೆ ಇಲ್ಲಿನವರದೇ ರಸಮಂಜರಿ ಇತ್ತು.” ನೋಡುವುದು ಕೇಳುವುದು ಎರಡರಿಂದಲೂ ‘ಹೋಗಿದ್ದೆವು’ ಅಂತ ತಪ್ಪಿಸಿಕೊಂಡಿದ್ದೇನೆ, ಒಪ್ಪುತ್ತೇನೆ. ಕರಾವಳಿಯ ಕಡೆಯವರು ಒಂದು ಮಾತು ಹೇಳಿ: ಮೇಳಕ್ಕೆ ಸೇರದ ಹೊರಗಿನವರು ಬಂದು ನುಡಿಸಿ ಹೋದರೆ ಅದನ್ನು ಪೂರ್ವರಂಗ ಅನ್ನಬಹುದೇ? ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತದೆ.